ರೂಪಾಯಿಯ ಮೇಲಿನ ಆನೆ

ತೆಲಿಗಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಸೀಮೆಯು 1953ರವರೆಗೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬ್ರಿಟಿಷರ ಕಾಲದಲ್ಲಿ ಇಲ್ಲಿಯ ಸಂತೆ, ಜಾತ್ರೆಗಳಲ್ಲಿ ಚಲಾವಣೆಯಲ್ಲಿದ್ದುದು ಬೆಳ್ಳಿಯ ರೂಪಾಯಿ. ಅದರ ತೂಕ ಸುಮಾರು 11.66 ಗ್ರಾಂ, 12 ಪಾಲಿನಲ್ಲಿ 11 ಪಾಲು ಶುದ್ಧ ಬೆಳ್ಳಿ. ಲಂಬಾಣಿ ಹೆಣ್ಣುಮಕ್ಕಳು ಅಂತಹ ನಾಣ್ಯಗಳಿಗೆ ಕೊಂಡಿ ಬೆಸೆಯಿಸಿ ಕೊರಳಿಗೆ ಧರಿಸುತ್ತಿದ್ದರು. ಹೀಗೆ ಎಷ್ಟೋ ನಾಣ್ಯಗಳು ಕರಗದೆ ಉಳಿದುಬಂದವು.

ಮೇಲ್ನೋಟಕ್ಕೆ ಈ ನಾಣ್ಯಗಳೆಲ್ಲ ಒಂದೇ ಎಂದು ತೋರುತ್ತವೆ. ಆದರೆ ಟಂಕಸಾಲೆಯಲ್ಲಿ ಬೆಳ್ಳಿಯ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇರಿಸಿ ಒತ್ತುತ್ತಾರೆ. ಒತ್ತಿ ಒತ್ತಿ ಅಚ್ಚು ಸವೆಯುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ಆಗ ಬೇರೊಂದು ಅಚ್ಚು ಬೇಕು. ಹೊಸದರಲ್ಲಿ ಕೆತ್ತನೆಯ ಒಂದು ಗೆರೆ, ಒಂದು ಚುಕ್ಕೆ ಬದಲಾಗಬಹುದು. ಸಂಗ್ರಾಹಕನು ಹುಡುಕುವುದು ಇಂತಹ ಅಚ್ಚಿನ ಭೇದಗಳನ್ನೇ.

ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯು ಇದಕ್ಕೆ ಒಳ್ಳೆಯ ನಿದರ್ಶನ. ಆ ಇಸವಿಯನ್ನು ಬದಲಿಸದೆ ಹನ್ನೊಂದು ವರ್ಷಗಳಿಗೂ ಮಿಕ್ಕಿ ನಾಣ್ಯ ಒತ್ತಲಾಯಿತು. ಬೊಂಬಾಯಿಯ ಟಂಕಸಾಲೆಯವರು ಮಾತ್ರ ಇಸವಿಯ ಕೆಳಗೂ ಮೇಲೂ ಸಣ್ಣ ಚುಕ್ಕೆಗಳನ್ನಿಟ್ಟು ನಿಜವಾದ ವರ್ಷವನ್ನು ಸೂಚಿಸಿದರು. 1874ರಿಂದ ಆಯಾ ವರ್ಷವೇ ನಾಣ್ಯದ ಮೇಲೆ ಮೂಡತೊಡಗಿತು. ನಾಣ್ಯವನ್ನು ಹುಣಿಸೆಹಣ್ಣಿನಿಂದ ಉಜ್ಜಿ ಬೆಳಗುವವರಿಗೆ ಈ ಚುಕ್ಕೆಗಳ ಪರಿವೆ ಇರುವುದಿಲ್ಲ. ಚುಕ್ಕೆ ಸವೆದರೆ ವರ್ಷವೇ ಅಳಿಸಿಹೋದಂತೆ!

ಎಲ್ಲಕ್ಕಿಂತ ಸ್ವಾರಸ್ಯವಾದ ಕಥೆ 1911ರ ರೂಪಾಯಿಯದು. ಐದನೆಯ ಜಾರ್ಜನ ಪಟ್ಟಾಭಿಷೇಕವೂ ದಿಲ್ಲಿ ದರ್ಬಾರೂ ನಡೆದ ವರ್ಷವದು. ಹೊಸ ನಾಣ್ಯದಲ್ಲಿ ಅರಸನ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿ ಒಂದು ಪುಟ್ಟ ಆನೆಯಿತ್ತು. ಕೆತ್ತನೆಗಾರನು ಅದರ ಸೊಂಡಿಲನ್ನು ಮೋಟಾಗಿಸಿದ್ದನು. ಜನರ ಕಣ್ಣಿಗೆ ಅದು ಹಂದಿಯಂತೆ ಕಂಡಿತು. ಮುಸಲ್ಮಾನರಿಗೆ ಹಂದಿ ನಿಷಿದ್ಧ ಪ್ರಾಣಿಯಾದುದರಿಂದ ಅಸಮಾಧಾನ ಹಬ್ಬಿತು. 1857ರ ತೋಟಾಗಳ ಪ್ರಸಂಗವನ್ನು ಬಲ್ಲವರಿಗೆ ಸರ್ಕಾರದ ಆತುರ ಅರ್ಥವಾಗದಿರದು. ಒತ್ತಿದ ಸುಮಾರು 94 ಲಕ್ಷ ರೂಪಾಯಿಗಳಲ್ಲಿ 7 ಲಕ್ಷದಷ್ಟು ಮಾತ್ರ ಜನರ ಕೈಸೇರಿದ್ದವು. ಉಳಿದವನ್ನು ತಡೆದು ಕರಗಿಸಲಾಯಿತು. 1912ರ ನಾಣ್ಯದಲ್ಲಿ ಸೊಂಡಿಲು ಉದ್ದವಾಯಿತು, ಆನೆ ಆನೆಯಾಯಿತು. ಹಳೆಯದಕ್ಕೆ ‘ಹಂದಿ ರೂಪಾಯಿ’ ಎಂಬ ಹೆಸರು ಉಳಿಯಿತು.

1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಲಾಯಿತು. 1947ರಲ್ಲಿ ಬೆಳ್ಳಿಯ ಬದಲು ನಿಕ್ಕಲ್ ಬಂದಿತು. ಮುಂದೆ ಗಾಂಧೀಜಿಯವರ ಜನ್ಮಶತಾಬ್ದಿಗಾಗಿ 1969ರಲ್ಲಿ ಹತ್ತು ರೂಪಾಯಿಯ ಸ್ಮಾರಕ ನಾಣ್ಯ ಹೊರಟಾಗ ಬೆಳ್ಳಿ ಮರಳಿತು. ಅದರ ತೂಕ 15 ಗ್ರಾಂ; ನೂರಕ್ಕೆ 80 ಪಾಲು ಬೆಳ್ಳಿ. ಅದರಲ್ಲಿ 1869, 1948 ಎಂಬ ಇಸವಿಗಳಿವೆಯೇ ಹೊರತು ನಾಣ್ಯ ಒತ್ತಿದ ವರ್ಷವಿಲ್ಲ. ಬೊಂಬಾಯಿಯದೋ ಕಲ್ಕತ್ತೆಯದೋ ಎಂಬುದನ್ನು ಟಂಕಸಾಲೆಯ ಸಣ್ಣ ಗುರುತಿನಿಂದಲೇ ತಿಳಿಯಬೇಕು. ಕಲ್ಕತ್ತೆಯ ನಾಣ್ಯಕ್ಕೆ ಗುರುತೇ ಇಲ್ಲ.

ಮನೆಯ ಹಳೆಯ ಸರದಲ್ಲಿ 1911ರ ರೂಪಾಯಿಯೊಂದು ಇದ್ದರೂ ಇರಬಹುದು. ಅಕ್ಕಸಾಲೆಯ ತಕ್ಕಡಿಗೆ ಅದು ಹನ್ನೊಂದು ಮುಕ್ಕಾಲು ಗ್ರಾಮಿಗಿಂತ ತುಸು ಕಡಿಮೆಯ ಬೆಳ್ಳಿಯಷ್ಟೆ. ಕುಲುಮೆಗೆ ಹಾಕಿದರೆ ಸೊಂಡಿಲಿನ ಕಥೆಯೂ ಕರಗುತ್ತದೆ. ಅದನ್ನು ಉಜ್ಜದೆ, ಅಂಚನ್ನು ಮಾತ್ರ ಹಿಡಿದು, ಓರೆಯಾಗಿ ಬೀಳುವ ಬೆಳಕಿನಲ್ಲಿ ಭೂತಗನ್ನಡಿಯಿಂದ ಅರಸನ ಎದೆಯ ಭಾಗವನ್ನು ನೋಡಬೇಕು. ಆನೆ ಇರುವುದು ಅಲ್ಲಿಯೇ.