ಮರಳಿನಿಂದ ಎದ್ದ ವಿಮಾನ: ಮೂಲ ಮತ್ತು ರೀಮೇಕ್

ಗುರುತ್ವ ಕೇಂದ್ರದ ಪಾಠ ಮುಗಿದ ದಿನ ನಮ್ಮ ಭೌತಶಾಸ್ತ್ರ ಮೇಡಂ ಒಂದು ಪ್ರಶ್ನೆ ಕೇಳಿದರು. ಎರಡು ಎಂಜಿನ್‌ನ ವಿಮಾನ ಮರುಭೂಮಿಯಲ್ಲಿ ಬಿದ್ದಿದೆ, ಒಂದು ಎಂಜಿನ್ ಮಾತ್ರ ಕೆಲಸಕ್ಕೆ ಬರುವಂತಿದೆ. ಉಳಿದ ಭಾಗಗಳಿಂದ ಹೊಸ ವಿಮಾನ ಕಟ್ಟಿ ಹಾರಲು ಸಾಧ್ಯವೇ? ನಾನು ಕೈ ಎತ್ತಿ "ಸಾಧ್ಯ ಮೇಡಂ, ಸಿನಿಮಾದಲ್ಲಿ ನೋಡಿದ್ದೇನೆ" ಎಂದೆ. ತರಗತಿ ನಕ್ಕಿತು. ನಾನು ನೋಡಿದ್ದು 2004ರಲ್ಲಿ ಬಂದ 'ಫ್ಲೈಟ್ ಆಫ್ ದಿ ಫೀನಿಕ್ಸ್'. ಮೇಡಂ ಮಾತ್ರ ನಗಲಿಲ್ಲ. "ಅದು ರೀಮೇಕ್. 1965ರದ್ದನ್ನು ನೋಡು, ಎರಡನ್ನೂ ಹೋಲಿಸಿ ನಮ್ಮ ಪತ್ರಿಕೆಗೆ ಬರೆ" ಎಂದರು.

ರಜೆಯಲ್ಲಿ ಮಾಮ ಊರಿಗೆ ಬಂದಿದ್ದರು. ದಮ್ಮಾಮ್ ಕಡೆ ಹನ್ನೆರಡು ವರ್ಷ ಕಾರ್ಮಿಕರ ಬಸ್ ಓಡಿಸಿದವರು. ಮರುಭೂಮಿಯ ಸಿನಿಮಾ ಎಂದಾಗ ಅವರೂ ಜೊತೆಗೆ ಕುಳಿತರು. ಮೊದಲು ಹಳೆಯದು, ಮರುದಿನ ಹೊಸದು. ಮಾಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನಾನು ನಡುನಡುವೆ ನಿಲ್ಲಿಸಿ ಹೇಳುತ್ತಿದ್ದೆ. ಆದರೆ ಈ ಲೇಖನದ ಮುಖ್ಯವಾದ ಮಾತುಗಳನ್ನು ಅವರೇ ನನಗೆ ಹೇಳಿಕೊಟ್ಟದ್ದು.

ಕಥೆ ಎಲ್ಸ್ಟನ್ ಟ್ರೆವರ್ ಎಂಬ ಲೇಖಕರ 1964ರ ಕಾದಂಬರಿಯದು. 1965ರಲ್ಲಿ ರಾಬರ್ಟ್ ಆಲ್ಡ್ರಿಚ್ ಅದನ್ನು ಸಿನಿಮಾ ಮಾಡಿದರು. ಲಿಬಿಯಾದ ತೈಲ ಕೇಂದ್ರದಿಂದ ಬೆಂಗಾಜಿಗೆ ಹೊರಟ ಸರಕು ವಿಮಾನ ಮರಳಿನ ಬಿರುಗಾಳಿಗೆ ಸಿಕ್ಕಿ ಸಹರಾದಲ್ಲಿ ಬೀಳುತ್ತದೆ. ತಿನ್ನಲು ಸರಕಿನ ಖರ್ಜೂರ ಧಾರಾಳ, ಕುಡಿಯಲು ನೀರು ಅಳತೆಯದು. ಹುಡುಕಿಕೊಂಡು ಯಾರೂ ಬರುವುದಿಲ್ಲ. ಪ್ರಯಾಣಿಕರಲ್ಲಿ ಒಬ್ಬನಾದ ಡಾರ್ಫ್‌ಮನ್ ಎಂಬ ಜರ್ಮನ್ ಯುವಕ ತಾನು ವಿಮಾನ ವಿನ್ಯಾಸಕ ಎನ್ನುತ್ತಾನೆ. ಮುರಿದ ವಿಮಾನದಿಂದ ಚಿಕ್ಕ ವಿಮಾನ ಕಟ್ಟಬಹುದು ಎಂದು ಲೆಕ್ಕ ಹಾಕಿ ತೋರಿಸುತ್ತಾನೆ. ಹಳೆಯ ಕಾಲದ ಪೈಲಟ್ ಟೌನ್ಸ್ ಒಪ್ಪುವುದಿಲ್ಲ. 2004ರಲ್ಲಿ ಜಾನ್ ಮೂರ್ ನಿರ್ದೇಶಿಸಿದ ರೀಮೇಕ್‌ನಲ್ಲಿ ಇದೇ ಕಥೆ ಮಂಗೋಲಿಯಾದ ಗೋಬಿ ಮರುಭೂಮಿಗೆ ಹೋಗಿದೆ. ಚಿತ್ರೀಕರಣ ನಡೆದದ್ದು ಆಫ್ರಿಕಾದ ನಮೀಬಿಯಾದಲ್ಲಿ. ಪೈಲಟ್ ಆಗಿ ಡೆನಿಸ್ ಕ್ವೇಡ್, ವಿನ್ಯಾಸಕನಾಗಿ ಜಿಯೊವಾನಿ ರಿಬಿಸಿ ನಟಿಸಿದ್ದಾರೆ.

ರೀಮೇಕ್‌ಗೆ ಸಲ್ಲಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವಿಮಾನ ಬೀಳುವ ದೃಶ್ಯ ಅದರಲ್ಲೇ ಚೆನ್ನಾಗಿದೆ. ಮೂಲದಲ್ಲಿ ವಿಮಾನ ಬೀಳುವಾಗಲೇ ಚಿತ್ರವನ್ನು ತಡೆತಡೆದು ನಟರ ಹೆಸರು ತೋರಿಸುತ್ತಾರೆ. ನಮ್ಮ ವಯಸ್ಸಿನವರಿಗೆ ಅದು ವಿಚಿತ್ರವೆನಿಸುತ್ತದೆ. ರೀಮೇಕ್‌ನಲ್ಲಿ ನಾನೇ ಒಳಗೆ ಕುಳಿತಂತೆ ಕುರ್ಚಿ ಹಿಡಿದುಕೊಂಡಿದ್ದೆ. ಆದರೆ ಬದುಕುಳಿಯುವ ಕಥೆ ನಿಜವಾಗಿ ಶುರುವಾಗುವುದು ವಿಮಾನ ಬಿದ್ದ ಮೇಲೆ.

ಹಳೆಯ ಸಿನಿಮಾ 142 ನಿಮಿಷದ್ದು, ಹೊಸದು 113. ಆ ಅರ್ಧ ಗಂಟೆಯಲ್ಲಿ ಏನಿತ್ತು ಎಂದು ಯೋಚಿಸಿದೆ. ಬಾಯಾರಿಕೆ ಇತ್ತು. ಹಳೆಯದರಲ್ಲಿ ತುಟಿ ಒಡೆಯುತ್ತದೆ, ಗಡ್ಡ ಬೆಳೆಯುತ್ತದೆ, ಮುಖದ ಚರ್ಮ ಸುಡುತ್ತದೆ, ಮಾತು ಕಡಿಮೆಯಾಗುತ್ತದೆ. ಹೊಸದರಲ್ಲಿ ವಿಮಾನ ಕಟ್ಟುವಾಗ ಪಾಪ್ ಹಾಡು ಹಾಕಿಕೊಂಡು ಕುಣಿಯುವವರೂ ಇದ್ದಾರೆ. ಅದನ್ನು ಕಂಡು ಮಾಮ ರಿಮೋಟ್ ಕೇಳಿದರು. "ಇವರಿಗೆ ಹಾಡಲು ಉಗುಳು ಎಲ್ಲಿಂದ ಬಂತು?" ಎಂದರು.

ಆಮೇಲೆ ತಮ್ಮದೇ ಒಂದು ಘಟನೆ ಹೇಳಿದರು. ಒಮ್ಮೆ ಬಸ್ ಕೆಟ್ಟು ನಡುದಾರಿಯಲ್ಲಿ ನಿಂತಿತ್ತು, ಫೋನ್ ಸಿಗ್ನಲ್ ಇಲ್ಲ, ಮಧ್ಯಾಹ್ನದ ಬಿಸಿಲು. ಹೊಸ ಹುಡುಗರು ನಡೆದು ಹೋಗೋಣ ಎಂದರಂತೆ. ಮಾಮ ಯಾರನ್ನೂ ಬಿಡಲಿಲ್ಲ. ಎಲ್ಲರನ್ನೂ ಬಸ್ಸಿನ ನೆರಳಿನಲ್ಲಿ ಕೂರಿಸಿ, ಅಲ್ಲಾಡಬೇಡಿ, ಮಾತಾಡಬೇಡಿ ಎಂದರಂತೆ.

ಇದನ್ನು ಕೇಳಿದ ಮೇಲೆಯೇ ಟೌನ್ಸ್‌ನ ಹಟ ನನಗೆ ಅರ್ಥವಾದದ್ದು. ರೀಮೇಕ್ ನೋಡುವಾಗ ಅವನು ಸುಮ್ಮನೆ ಅಡ್ಡಗಾಲು ಹಾಕುವ ಮನುಷ್ಯ ಅಂದುಕೊಂಡಿದ್ದೆ. ಆದರೆ ಅವನ ಹತ್ತಿರವೂ ಲೆಕ್ಕವಿದೆ. ಬಿಸಿಲಿನಲ್ಲಿ ದುಡಿಯುವವನ ಮೈಯಿಂದ ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ಬೆವರು ಹೋಗಬಹುದು. ಸುಮ್ಮನೆ ಮಲಗಿದರೆ ನೀರು ಹೆಚ್ಚು ದಿನ ಬರುತ್ತದೆ. ದುಡಿದರೆ ಬೇಗ ಸಾಯುತ್ತಾರೆ. ವಿಮಾನ ಹಾರದಿದ್ದರೆ ಆ ಸಾವು ಕೆಲಸ ಮಾಡಿಸಿದವನ ಮೇಲೆ ಬರುತ್ತದೆ. ಮೂಲದಲ್ಲಿ ಟೌನ್ಸ್ ಮತ್ತು ಡಾರ್ಫ್‌ಮನ್ ಇಬ್ಬರ ಮಾತಿನಲ್ಲೂ ಸತ್ಯವಿದೆ, ಅದಕ್ಕೇ ಜಗಳ ಬಿಗಿಯಾಗಿದೆ. ರೀಮೇಕ್‌ನಲ್ಲಿ ಭರವಸೆಯ ಬಗ್ಗೆ ಒಬ್ಬರು ಒಂದು ಒಳ್ಳೆಯ ಭಾಷಣ ಮಾಡುತ್ತಾರೆ, ಪೈಲಟ್ ಮನಸ್ಸು ಬದಲಾಯಿಸುತ್ತಾನೆ. ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲೂ ಯಾರೂ ಅಷ್ಟು ಸುಲಭವಾಗಿ ಸೋಲುವುದಿಲ್ಲ!

ಮೂಲದಲ್ಲಿ ನನಗೆ ಮರೆಯಲಾಗದ್ದು ನೀರು ಕದಿಯುವ ದೃಶ್ಯ. ಯಾರೋ ರಾತ್ರಿ ಪಾಲಿಗಿಂತ ಹೆಚ್ಚು ನೀರು ಕುಡಿಯುತ್ತಿದ್ದಾರೆ. ಕಳ್ಳ ಯಾರೆಂದು ನೋಡಿದರೆ ಡಾರ್ಫ್‌ಮನ್! ಅವನು ತಲೆ ತಗ್ಗಿಸುವುದಿಲ್ಲ. ನಾನು ಎಲ್ಲರಿಗಿಂತ ಹೆಚ್ಚು ದುಡಿಯುತ್ತೇನೆ, ಅದಕ್ಕೆ ಹೆಚ್ಚು ಕುಡಿದೆ, ಇನ್ನು ಕುಡಿಯುವುದಿಲ್ಲ, ಆದರೆ ನೀವೆಲ್ಲ ಇನ್ನೂ ಹೆಚ್ಚು ದುಡಿಯಬೇಕು ಎಂಬುದು ಅವನ ಉತ್ತರ. ಅವನ ಮೇಲೆ ಕೋಪ ಬರುತ್ತದೆ, ಅವನ ಲೆಕ್ಕ ಸರಿ ಎಂದೂ ಅನಿಸುತ್ತದೆ. ಪ್ರಾಯೋಗಿಕ ಪರೀಕ್ಷೆಯ ಗುಂಪಿನಲ್ಲಿ ಇಂಥ ಒಬ್ಬರನ್ನು ನಾವೆಲ್ಲ ಕಂಡಿದ್ದೇವೆ. ಹೆಸರು ಬೇಡ.

ಡಾರ್ಫ್‌ಮನ್ ಜರ್ಮನ್ ಆಗಿರುವುದಕ್ಕೂ ಕಾರಣವಿದೆ. ಸಿನಿಮಾ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಇಪ್ಪತ್ತೇ ವರ್ಷಕ್ಕೆ. ಟೌನ್ಸ್ ಪಾತ್ರ ಮಾಡಿದ ಜೇಮ್ಸ್ ಸ್ಟೀವರ್ಟ್ ಆ ಯುದ್ಧದಲ್ಲಿ ನಿಜವಾಗಿಯೂ ಜರ್ಮನಿಯ ಮೇಲೆ ಬಾಂಬರ್ ವಿಮಾನ ಹಾರಿಸಿದವರು. ಡಾರ್ಫ್‌ಮನ್ ಆಗಿರುವ ಹಾರ್ಡಿ ಕ್ರೂಗರ್ ಹುಡುಗನಾಗಿದ್ದಾಗ ಜರ್ಮನ್ ಸೇನೆಗೆ ಸೇರಿಸಲ್ಪಟ್ಟವರು. ಈಗ ಇವನು ಅವನ ಕೈಗೆ ತನ್ನ ಜೀವ ಕೊಡಬೇಕು. ರೀಮೇಕ್‌ನ ಎಲಿಯಟ್‌ಗೆ ಇಂಥ ಹಿನ್ನೆಲೆಯೇ ಇಲ್ಲ. ಅವನು ಬರೀ ವಿಚಿತ್ರ ಮನುಷ್ಯ, ಅಷ್ಟೆ.

ಇನ್ನು ಮೇಡಂ ಅವರ ಪ್ರಶ್ನೆಗೆ ಬರುತ್ತೇನೆ. ಎರಡೂ ಸಿನಿಮಾಗಳಲ್ಲಿ ವಿಮಾನಕ್ಕೆ ಎರಡು ಬಾಲದ ತೊಲೆಗಳಿವೆ, ತಲಾ ಒಂದು ಎಂಜಿನ್‌ನ ಹಿಂದೆ. ಮೂಲದಲ್ಲಿ ನಡುವಿನ ದೊಡ್ಡ ಹೊಟ್ಟೆಯನ್ನು ಬಿಟ್ಟು, ಎಡ ಎಂಜಿನ್ ಮತ್ತು ಎಡ ತೊಲೆಗೆ ಎರಡೂ ರೆಕ್ಕೆಗಳ ಹೊರಭಾಗಗಳನ್ನು ಜೋಡಿಸುತ್ತಾರೆ. ಪ್ರಯಾಣಿಕರು ರೆಕ್ಕೆಗಳ ಮೇಲೆ ಎರಡೂ ಬದಿ ಮಲಗಬೇಕು. ಭಾರ ಗುರುತ್ವ ಕೇಂದ್ರದ ಹತ್ತಿರವೇ ಇದ್ದರೆ ಮೂಗು ಏಳುವುದೂ ಇಲ್ಲ, ಬಾಲ ಕುಸಿಯುವುದೂ ಇಲ್ಲ. ಕೆಲಸ ಮುಗಿಯುತ್ತಾ ಬಂದಾಗ ಒಂದು ಆಘಾತ ಕಾದಿದೆ: ಡಾರ್ಫ್‌ಮನ್ ಇದುವರೆಗೆ ವಿನ್ಯಾಸ ಮಾಡಿದ್ದೆಲ್ಲ ಮಾದರಿ ವಿಮಾನಗಳು! ಟೌನ್ಸ್‌ಗೆ ನೆಲ ಕುಸಿದಂತಾಗುತ್ತದೆ. ಆದರೆ ಭೌತಶಾಸ್ತ್ರ ಡಾರ್ಫ್‌ಮನ್ ಕಡೆಗಿದೆ. ಎಸೆದರೆ ತಾನಾಗಿ ಹಾರುವ ಮಾದರಿಯಲ್ಲಿ ಪೈಲಟ್ ಇರುವುದಿಲ್ಲ, ವಾಲಿದರೆ ಸರಿಪಡಿಸುವ ಕೈ ಇರುವುದಿಲ್ಲ. ಸಮತೋಲನವೆಲ್ಲ ವಿನ್ಯಾಸದಲ್ಲೇ ಇರಬೇಕು. ಈ ತಿರುವು ರೀಮೇಕ್‌ನಲ್ಲೂ ಇದೆ, ಚೆನ್ನಾಗಿಯೂ ಇದೆ.

ಇಲ್ಲಿ ಒಂದು ಉಪಕಥೆ. ರೀಮೇಕ್‌ನ ವಿಮಾನ ಸಿ-119. ನಮ್ಮ ಭಾರತೀಯ ವಾಯುಪಡೆ 'ಪ್ಯಾಕೆಟ್' ಎಂದು ಕರೆದು ಬಳಸಿದ್ದು ಇದೇ ಜಾತಿಯ ವಿಮಾನ. 1962ರಲ್ಲಿ ಲಡಾಖ್‌ನ ದೌಲತ್ ಬೇಗ್ ಓಲ್ಡಿಯಲ್ಲಿ, ಐದು ಸಾವಿರ ಮೀಟರಿಗೂ ಎತ್ತರದ ನೆಲದಲ್ಲಿ, ಅದನ್ನು ಇಳಿಸಿದ್ದರು. ಇದನ್ನು ತಿಳಿದ ಮೇಲೆ ಮುರಿದ ವಿಮಾನದ ಮೇಲೂ ನನಗೆ ಸ್ವಲ್ಪ ಗೌರವ ಬಂತು.

ಮೂಲದಲ್ಲಿ ಎಂಜಿನ್ ಚಾಲೂ ಮಾಡಲು ಇರುವುದು ಏಳು ಕಾರ್ಟ್ರಿಡ್ಜ್. ಒಂದೊಂದೂ ಬಂದೂಕಿನ ತೋಟಾದಂತೆ ಸಿಡಿದು, ಅದರ ಅನಿಲದ ಒತ್ತಡ ಎಂಜಿನ್ನನ್ನು ತಿರುಗಿಸುತ್ತದೆ. ನಾಲ್ಕು ವ್ಯರ್ಥವಾಗುತ್ತವೆ. ಐದನೆಯದನ್ನು ಟೌನ್ಸ್ ಇಗ್ನಿಷನ್ ಆರಿಸಿ ಸಿಡಿಸುತ್ತಾನೆ, ಸಿಲಿಂಡರ್‌ಗಳು ಸ್ವಚ್ಛವಾಗಲೆಂದು. ಡಾರ್ಫ್‌ಮನ್ ಕೂಗಾಡುತ್ತಾನೆ. ಆರನೆಯದಕ್ಕೆ ಎಂಜಿನ್ ಹತ್ತಿಕೊಳ್ಳುತ್ತದೆ. ವಿಮಾನ ಕಟ್ಟಲು ಅವನ ಲೆಕ್ಕ ಬೇಕಿತ್ತು, ಎಂಜಿನ್ ಹತ್ತಲು ಇವನ ಅನುಭವ. ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾಮ ಆ ಹೊತ್ತಿಗೆ ಎದ್ದು ನಿಂತಿದ್ದರು. ರೀಮೇಕ್‌ನಲ್ಲಿ ಹಾರುವ ಹೊತ್ತಿಗೆ ಬಂದೂಕು ಹಿಡಿದ ಕಳ್ಳಸಾಗಣೆದಾರರು ಬೆನ್ನಟ್ಟಿ ಬರುತ್ತಾರೆ. ಮರುಭೂಮಿ ಸಾಲದೆಂದು ಶತ್ರುಗಳನ್ನೂ ತಂದಿದ್ದಾರೆ.

ಹಾಗಾದರೆ ಮೂಲವೇ ಎಲ್ಲದರಲ್ಲೂ ಮೇಲೋ? ಎರಡು ವಿಷಯಗಳಲ್ಲಿ ನನಗೆ ಹಾಗೆ ಬರೆಯಲು ಕೈ ಬರುವುದಿಲ್ಲ.

ಒಂದು, ಆ ಫೀನಿಕ್ಸ್ ವಿಮಾನ. ಸಿನಿಮಾಕ್ಕಾಗಿ ಹಾರಬಲ್ಲ ವಿಮಾನವನ್ನೇ ಕಟ್ಟಿದ್ದರು. 1965ರ ಜುಲೈ 8ರಂದು ಅಮೆರಿಕದ ಯೂಮಾ ಹತ್ತಿರದ ಮರಳುಗುಡ್ಡಗಳಲ್ಲಿ ಚಿತ್ರೀಕರಣದ ವೇಳೆ ಅದು ನೆಲಕ್ಕೆ ತಾಗಿ ಮುರಿದು, ಹೆಸರಾಂತ ಪೈಲಟ್ ಪಾಲ್ ಮ್ಯಾಂಟ್ಸ್ ತೀರಿಕೊಂಡರು. ಜೊತೆಗಿದ್ದ ಸಾಹಸ ಕಲಾವಿದರಿಗೆ ಗಂಭೀರ ಗಾಯಗಳಾದವು. ಸಿನಿಮಾವನ್ನು ಮ್ಯಾಂಟ್ಸ್ ಅವರಿಗೆ ಅರ್ಪಿಸಿದ್ದಾರೆ. ರೀಮೇಕ್‌ನ ಕಂಪ್ಯೂಟರ್ ದೃಶ್ಯಗಳನ್ನು ನಾನು ಗೆಳೆಯರ ಮುಂದೆ ಗೇಲಿ ಮಾಡಿದ್ದೆ. ಇದನ್ನು ಓದಿದ ಮೇಲೆ ಆ ಗೇಲಿ ನಿಲ್ಲಿಸಿದೆ.

ಇನ್ನೊಂದು, ಅರಬರು. ಮೂಲದಲ್ಲಿ ರಾತ್ರಿ ಒಂಟೆಗಳೊಂದಿಗೆ ಒಂದು ಗುಂಪು ಹತ್ತಿರದಲ್ಲೇ ಬಿಡಾರ ಹೂಡುತ್ತದೆ. ಸಹಾಯ ಕೇಳಲು ಹೋದ ಕ್ಯಾಪ್ಟನ್ ಮತ್ತು ವೈದ್ಯ ಬೆಳಿಗ್ಗೆ ಹೆಣವಾಗಿ ಸಿಗುತ್ತಾರೆ. ಆ ಗುಂಪಿನವರಿಗೆ ಹೆಸರಿಲ್ಲ, ಮಾತಿಲ್ಲ, ಕೊಲ್ಲುವುದಕ್ಕೆ ಸರಿಯಾದ ಕಾರಣವೂ ಇಲ್ಲ. ಪ್ರತಿಯೊಬ್ಬ ಪ್ರಯಾಣಿಕನ ಮನಸ್ಸನ್ನೂ ಬಿಡಿಸಿ ತೋರಿಸಿದ ನಿರ್ದೇಶಕರು ಆ ನೆಲದವರಿಗೆ ಮುಖವನ್ನೇ ಕೊಡಲಿಲ್ಲ. ನಲವತ್ತು ವರ್ಷದ ನಂತರ ಬಂದ ರೀಮೇಕ್ ಈ ತಪ್ಪನ್ನು ತಿದ್ದಬಹುದಿತ್ತು. ಅದು ದೇಶ ಬದಲಿಸಿತು, ತಪ್ಪನ್ನು ದೊಡ್ಡದು ಮಾಡಿತು.

ಆ ದೃಶ್ಯ ಬಂದಾಗ ಮಾಮ ಏನೂ ಹೇಳಿರಲಿಲ್ಲ. ಸಿನಿಮಾ ಮುಗಿದು ಊಟಕ್ಕೆ ಕುಳಿತಾಗ ನಾನೇ ಕೇಳಿದೆ, "ಅವತ್ತು ಬಸ್ ಕೆಟ್ಟಾಗ ಕೊನೆಗೆ ಯಾರು ಬಂದರು ಮಾಮ?"

"ಒಬ್ಬ ಬದುವಿ. ಹಳೆಯ ಪಿಕಪ್, ಹಿಂದೆ ಎರಡು ಆಡು" ಎಂದರು. "ಇದ್ದ ನೀರನ್ನೆಲ್ಲ ನಮಗೇ ಕೊಟ್ಟ. ನಾವು ಕುಡಿದು ಮುಗಿಸುವವರೆಗೆ ತಾನು ಮುಟ್ಟಲಿಲ್ಲ."