ಆಸ್ಪತ್ರೆಯ ಹೆಸರಿನಲ್ಲಿ ನಕಲಿ ಇ-ಮೇಲ್: ಎಚ್ಚರವಿರಲಿ

ಲಕೋಟೆಯ ಮೇಲೆ 'ಇಂದ' ಎಂಬಲ್ಲಿ ಯಾರ ವಿಳಾಸವನ್ನಾದರೂ ಬರೆಯಬಹುದು. ಇ-ಮೇಲ್ ಕೂಡ ಹಾಗೆಯೇ. 1982ರಲ್ಲಿ ರೂಪಿಸಿದ ಇ-ಮೇಲ್ ರವಾನೆಯ ನಿಯಮದಲ್ಲಿ ಕಳುಹಿಸಿದವರು ಯಾರೆಂದು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ನಂತರ ಬಂದ ತಪಾಸಣೆಗಳನ್ನು ಎಲ್ಲರೂ ಅಳವಡಿಸಿಕೊಂಡಿಲ್ಲ. ಆದ್ದರಿಂದ ಆಸ್ಪತ್ರೆಯ ವಿಳಾಸದಿಂದಲೇ ಬಂದಂತೆ ಕಾಣುವ ಪತ್ರವೂ ನಕಲಿ ಇರಬಹುದು.

"ಆಪರೇಷನ್‌ಗೆ ಕೂಡಲೇ ಹಣ ಕಟ್ಟಿ" ಎಂದು ಇ-ಮೇಲ್ ಬಂದರೆ ಗಾಬರಿಯಾಗಬೇಡಿ.

1. ಅದರಲ್ಲಿರುವ ಲಿಂಕ್ ಒತ್ತಬೇಡಿ. ಓಟಿಪಿ, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ.
2. ಅದಕ್ಕೆ ಉತ್ತರ ಬರೆಯಬೇಡಿ. ಆಸ್ಪತ್ರೆ ಚೀಟಿಯಲ್ಲಿರುವ ನಂಬರಿಗೆ ಫೋನ್ ಮಾಡಿ ಅಥವಾ ವಾರ್ಡಿನ ಸಿಸ್ಟರನ್ನು ಕೇಳಿ.
3. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆ ಇ-ಮೇಲ್ ಅಳಿಸದೆ ಇಟ್ಟುಕೊಳ್ಳಿ.

ನಿಮ್ಮದು ಕಾಯಕದ ದುಡ್ಡು. ಕೇಳಿ, ಖಚಿತಪಡಿಸಿಕೊಂಡೇ ಕಟ್ಟಿ.