ದಸರಾ ರಜೆ: ಮನೆಮಂದಿಯನ್ನು ಹೊರಡಿಸುವ ಮುನ್ನ

ಮೈಸೂರಿನ ಸುತ್ತಮುತ್ತ ಮಕ್ಕಳನ್ನೂ ಅವರ ಹೆತ್ತವರನ್ನೂ ನಡಿಗೆಗೆ ಕರೆದೊಯ್ಯುವುದು ನನ್ನ ಕೆಲಸ. ದಸರಾ ರಜೆ ಶುರುವಾಯಿತೆಂದರೆ "ಎಲ್ಲಿಗೆ ಹೋಗೋಣ ಹೇಳಿ" ಎಂಬ ಫೋನು ನಿಲ್ಲುವುದಿಲ್ಲ. ಎಷ್ಟು ಹೊತ್ತಿಗೆ ಹೋಗೋಣ ಎಂದು ಕೇಳುವವರು ಕಡಿಮೆ.

1. ಮಧ್ಯಾಹ್ನ ಎರಡರೊಳಗೆ ವಾಪಸಾಗುವಂತೆ ಹೊರಡಿ. ಜೂನ್, ಜುಲೈನಲ್ಲಿ ಇಲ್ಲಿ ಬೀಳುವುದು ಬರೀ ಜಿಟಿಜಿಟಿ. ದಸರಾ ಹೊತ್ತಿನ ಹಸ್ತ, ಚಿತ್ತೆ ಮಳೆ ಹಾಗಲ್ಲ. ಬೆಳಗ್ಗೆ ಚುರುಗುಟ್ಟುವ ಬಿಸಿಲು, ಮಧ್ಯಾಹ್ನ ಇಳಿಯುತ್ತಿದ್ದಂತೆ ಮೋಡ, ಆಮೇಲೆ ಗುಡುಗು ಸಮೇತ ಸುರಿತ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರಿನೊಳಗೇ ಇದೆ ಎಂದು ಲೆಕ್ಕ. ಕಟ್ಟಡವನ್ನೋ ಕಾರನ್ನೋ ಸೇರಿಕೊಳ್ಳಿ. ಮರದ ಬುಡ ಖಂಡಿತ ಬೇಡ. ಕೊನೆಯ ಗುಡುಗಾದ ಮೇಲೂ ಅರ್ಧ ಗಂಟೆ ಒಳಗೇ ಇರಿ.

2. ಆಯುಧಪೂಜೆ, ವಿಜಯದಶಮಿ ಎರಡೂ ದಿನ ಬಿಟ್ಟುಬಿಡಿ. ಡ್ರೈವರ್ ಸಿಗುವುದಿಲ್ಲ, ಸಿಕ್ಕರೂ ರಸ್ತೆ ತುಂಬ ಒಡೆದ ಬೂದುಗುಂಬಳಕಾಯಿ. ಸ್ಕೂಟರ್ ಜಾರಲು ಅದೊಂದು ಸಾಕು.

3. ಟಿಕೆಟ್ ಇರುವ ಜಾಗವೇ ಬೇಕೆಂದಿಲ್ಲ. ಮೃಗಾಲಯದ ಕ್ಯೂನಲ್ಲಿ ಕಳೆಯುವ ಹೊತ್ತನ್ನು ಊರಾಚೆಯ ರಾಗಿ ಹೊಲದಲ್ಲಿ ಕಳೆದು ನೋಡಿ. ಈ ತಿಂಗಳು ರಾಗಿ ತೆನೆ ಕಟ್ಟುತ್ತಿರುತ್ತದೆ. ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿ ಹೂ ಬಿಟ್ಟು ಜೇನು ಮುತ್ತಿರುತ್ತದೆ. ಹೊಲದವರನ್ನು ಕೇಳಿ ಬದುವಿನ ಮೇಲೆ ಮಾತ್ರ ನಡೆಯಿರಿ. ಬೇಲಿಯ ಲಂಟಾನ ಪೊದೆಯಲ್ಲಿ, ನಿಮ್ಮ ಮೊಣಕಾಲೆತ್ತರಕ್ಕೆ, ಎಕ್ಸ್ ಆಕಾರದ ಬಿಳಿ ಅಂಕುಡೊಂಕು ಹೊಲಿಗೆ ಹಾಕಿದ ಬಲೆ ಹುಡುಕಿ. ನಡುವೆ ಎಂಟು ಕಾಲನ್ನು ಎರಡೆರಡಾಗಿ ಜೋಡಿಸಿ, ತಲೆ ಕೆಳಗಾಗಿ ಕೂತಿರುತ್ತದೆ ಸಿಗ್ನೇಚರ್ ಸ್ಪೈಡರ್. ಮೆಲ್ಲಗೆ ಉಫ್ ಎಂದರೆ ಇಡೀ ಬಲೆಯನ್ನೇ ಹಿಂದಕ್ಕೂ ಮುಂದಕ್ಕೂ ಗಡಗಡ ಅಲ್ಲಾಡಿಸುತ್ತದೆ. ಬಲೆಯ ಅಂಚಲ್ಲೊಂದು ಪುಟಾಣಿ ಜೇಡ ಇದ್ದರೆ ಬಹುಶಃ ಗಂಡು. "ಇಷ್ಟೇನಾ ಅಪ್ಪ ಜೇಡ!" ಎಂದು ನಗದ ಮಗುವನ್ನು ನಾನು ಕಂಡಿಲ್ಲ. ಮೊಬೈಲು ಜೇಬಿನಲ್ಲೇ ಉಳಿಯುವುದು ಇಂಥ ಕಡೆ.

4. ಹೊಳೆಗೆ ಇಳಿಯಬೇಡಿ. ಬಲಮುರಿ ಇರುವುದು ಕೆಆರ್‌ಎಸ್ ಅಣೆಕಟ್ಟೆಯ ಕೆಳಗೆ. ಮೇಲೆ ನೀರು ಬಿಟ್ಟರೆ ಇಲ್ಲಿ ಆಕಾಶ ತಿಳಿಯಾಗಿದ್ದರೂ ಹೊಳೆ ಏರುತ್ತದೆ. ಪ್ರತಿ ಗುಂಪಿನಲ್ಲೂ ಈಜು ಬರುವ ಮಾವನೊಬ್ಬ ಇರುತ್ತಾನೆ, ಭಯ ಅವನದೇ. ನೀರು ಬೇಕೆನಿಸಿದರೆ ರಂಗನತಿಟ್ಟಿದೆ. ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ. ಈ ತಿಂಗಳು ಹಕ್ಕಿಗಳ ಜಾತ್ರೆ ಇರುವುದಿಲ್ಲವೆಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಬಂಡೆಯ ಮೇಲೆ ಬಾಯಿ ತೆರೆದು ಮಲಗುವ ಮೊಸಳೆ ಆ ಕೊರತೆ ತುಂಬಬಹುದು. ಹೊಳೆ ತುಂಬಿದ್ದರೆ ದೋಣಿ ಬಿಡುವುದಿಲ್ಲ, ವಿಚಾರಿಸಿಕೊಂಡು ಹೋಗಿ.

5. ಅಜ್ಜಿಯನ್ನು ಬಿಟ್ಟು ಹೋಗಬೇಡಿ. ಚಾಮುಂಡಿ ಬೆಟ್ಟಕ್ಕೆ ಸಾವಿರದಷ್ಟು ಮೆಟ್ಟಿಲು. ಎಲ್ಲವನ್ನೂ ಹತ್ತಲೇಬೇಕೆಂಬ ಹಟ ಅಪ್ಪಂದಿರಿಗೆ. ಅಜ್ಜಿಯನ್ನೂ ಪುಟ್ಟವರನ್ನೂ ನಂದಿಯವರೆಗೆ ವಾಹನದಲ್ಲಿ ಕಳಿಸಿ. ಹತ್ತುವವರು ಅಲ್ಲೇ ಜೊತೆಗೂಡಲಿ. ಮೆಟ್ಟಿಲಿಗೊಂದೊಂದು ಅರಿಶಿನ ಕುಂಕುಮದ ಬೊಟ್ಟಿಡುತ್ತ ಹತ್ತುವ ಹರಕೆಯವರು ಸಿಗುತ್ತಾರೆ, ಅವರ ಬೊಟ್ಟು ತುಳಿಯದೆ ಹತ್ತುವುದೇ ಮಕ್ಕಳಿಗೆ ಒಂದು ಆಟ. ನವರಾತ್ರಿಯ ಶುಕ್ರವಾರ ಮಾತ್ರ ಇದ್ಯಾವುದೂ ಸಾಧ್ಯವಿಲ್ಲ, ಅಷ್ಟು ಜನ.

6. ಬುತ್ತಿಗೆ ಪುಳಿಯೋಗರೆ. ಮೊಸರನ್ನ ಬಿಸಿಲಿಗೆ ಹುಳಿಯಾಗುತ್ತದೆ. ಹಿಂದಿನ ಸಂಜೆ ಗೊಂಬೆಗೆ ನೈವೇದ್ಯ ಮಾಡಿದ ಕಡಲೆ ಗುಗ್ಗರಿ ಮಿಕ್ಕಿದ್ದರೆ, ಫ್ರಿಜ್‌ನಲ್ಲಿಟ್ಟದ್ದಾದರೆ, ಅದನ್ನೂ ಕಟ್ಟಿಕೊಳ್ಳಿ. ಎಲ್ಲವೂ ಡಬ್ಬಿಯಲ್ಲಿ, ಡಬ್ಬಿ ಬಟ್ಟೆಯ ಚೀಲದಲ್ಲಿ. ಬೆಟ್ಟದ ಕೋತಿಗೆ ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಸಾಕು, ಒಳಗೆ ತಿಂಡಿಯೇ ಇರಬೇಕಾಗಿಲ್ಲ, ಕಿತ್ತುಕೊಂಡೇ ಹೋಗುತ್ತದೆ.